ಕುಂಟದ ಕುರಿ

ಸೂಜಿ ಒಳಹೋಗಿ ಹೊರಬರಲು ಒಂಬತ್ತು ನಿಮಿಷ ಸಾಕಾಯಿತು. ಗದಗಿನ ಕೀಲು ಚಿಕಿತ್ಸಾಲಯದ ಮಂಚದ ಮೇಲೆ ಮಲಗಿದ್ದ ಯಂಕಪ್ಪ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಒಳಗೆ ಬಂದಿದ್ದ. ಟೈಲ್ಸ್ ಕೂರಿಸುವುದು ಅವನ ಕಸುಬು. ಹದಿನೆಂಟು ವರ್ಷ ಮಂಡಿಯೂರಿ ಬೇರೆಯವರ ಮನೆಯ ನೆಲ ಹಾಸಿದವನ ಮೊಣಕಾಲು ಹೇಗಿರಬೇಕೋ ಹಾಗೇ ಇತ್ತು. ನರ್ಸು ಪರದೆಯ ಮೇಲೆ ಕೀಲಿನ ಒಳಭಾಗ ನೋಡುತ್ತ ಸಂದಿಗೆ ಸೂಜಿ ಇಳಿಸಿ, ಅಕ್ಕಿ ಗಂಜಿಯಂಥ ಬಿಳಿ ದ್ರವವನ್ನು ನಿಧಾನವಾಗಿ ಬಿಟ್ಟಳು. ಒಂದು ತಾಸಿನ ಮೇಲೆ ಯಂಕಪ್ಪ ಎದ್ದ, ಎರಡು ಹೆಜ್ಜೆ ಹಾಕಿದ, ನಿಂತು ತನ್ನ ಕಾಲನ್ನು ತಾನೇ ನೋಡಿಕೊಂಡ. ಆಮೇಲೆ ಯಾರೂ ಹೇಳದಿದ್ದರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ಅಲ್ಲಿದ್ದವರಿಗೆ ಇದೇನೂ ಹೊಸದಲ್ಲ. ಸೂಜಿ ಹಾಕಿಸಿಕೊಂಡವರು ಮೊದಲು ಮಾಡುವ ಕೆಲಸವೇ ಅದು.

ಅದು ೨೦೫೯ನೇ ಇಸವಿ. ಆ ದ್ರವಕ್ಕೆ ಕಾಗದಪತ್ರಗಳಲ್ಲಿ 'ಸಂಧಿಸೇತು' ಎಂಬ ಗಂಭೀರವಾದ ಹೆಸರಿತ್ತು. ಜನ ಮಾತ್ರ ಅದನ್ನು ಕಂಡುಹಿಡಿದ ಡಾಕ್ಟರ್ ಶ್ರಾವಣಿ ಹೊಂಬಳ ಎಂಬವಳ ಹೆಸರು ಹಿಡಿದು 'ಹೊಂಬಳ ಸೂಜಿ' ಎನ್ನುತ್ತಿದ್ದರು. ಅದರಲ್ಲಿದ್ದದ್ದು ಮೃದ್ವಸ್ಥಿಯ ಬೀಜಕಣಗಳು. ಮೃದ್ವಸ್ಥಿ ಎಂದರೆ ಕಿವಿಯನ್ನು ಮಡಚಿದಾಗ ಬೆರಳಿಗೆ ಸಿಗುವಂಥ ಮೆತ್ತನೆಯ ಎಲುಬು. ಕೀಲಿನಲ್ಲಿ ಎರಡು ಎಲುಬು ಒಂದನ್ನೊಂದು ಉಜ್ಜದಂತೆ ಅದು ನಡುವೆ ಹಾಸಿಕೊಂಡಿರುತ್ತದೆ. ಸಂಧಿವಾತದಲ್ಲಿ ಸವೆಯುವುದು ಅದೇ. ಬೀಜಕಣಗಳು ನಲವತ್ತು ದಿನದಲ್ಲಿ ಹೊಸ ಹಾಸು ಬೆಳೆಸುತ್ತವೆ. ಆದರೆ ಕೀಲು ಆಡುತ್ತಿದ್ದರೆ ಮಾತ್ರ ಬೆಳೆಸುತ್ತವೆ, ನೋವಿದ್ದವರೋ ಕೀಲು ಆಡಿಸುವುದಿಲ್ಲ. ಶ್ರಾವಣಿಯ ಜಾಣತನ ಇದ್ದದ್ದು ಇಲ್ಲಿಯೇ. ಅದೇ ಕಣಗಳು ಒಂದು ಪ್ರೋಟೀನನ್ನೂ ತಯಾರಿಸುವಂತೆ ಅವಳು ತಿದ್ದಿದ್ದಳು. ಆ ಪ್ರೋಟೀನು ಮೊಣಕಾಲಿನ ನೋವಿನ ನರಗಳನ್ನು ಮಲಗಿಸಿಡುತ್ತದೆ. ಕಣಗಳು ಬದುಕಿರುವವರೆಗೆ ನರಗಳು ಏಳುವುದಿಲ್ಲ, ಮತ್ತು ಕಣಗಳು ಇಪ್ಪತ್ತು ಮೂವತ್ತು ವರ್ಷ ಬದುಕಬಲ್ಲವು.

ಇದಕ್ಕೂ ಮೊದಲು ತೀರ ಸವೆದ ಮೊಣಕಾಲಿಗೆ ಇದ್ದ ಕೊನೆಯ ದಾರಿ ಶಸ್ತ್ರಚಿಕಿತ್ಸೆ. ಕೆಟ್ಟ ಭಾಗವನ್ನು ಗರಗಸದಿಂದ ಕೊಯ್ದು ತೆಗೆದು, ಲೋಹ ಮತ್ತು ಪ್ಲಾಸ್ಟಿಕ್ಕಿನ ಕೀಲು ಕೂರಿಸುತ್ತಿದ್ದರು. ನೋವು ಹೋಗುತ್ತಿತ್ತು, ನಡಿಗೆ ಬರುತ್ತಿತ್ತು. ಆದರೆ ಇನ್ನು ಮೇಲೆ ನೆಲದ ಮೇಲೆ ಕೂಡಬೇಡಿ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿ ಕಳಿಸುತ್ತಿದ್ದರು. ಹೊಂಬಳ ಸೂಜಿ ಬಂದ ಮೇಲೆ ಆ ಶಸ್ತ್ರಚಿಕಿತ್ಸೆ ಕೇಳುವವರೇ ಇಲ್ಲದಾಯಿತು. ಲೋಹದ ಕೀಲು ಮಾಡುವ ಕಾರ್ಖಾನೆಗಳು ಬೇರೆ ಸಾಮಾನಿಗೆ ತಿರುಗಿದವು, ವೈದ್ಯಕೀಯ ಕಾಲೇಜುಗಳಲ್ಲಿ ಆ ಪಾಠ ಬಿಟ್ಟುಹೋಯಿತು. ಶಸ್ತ್ರಚಿಕಿತ್ಸೆ ಮಾಡುವ ಯಂತ್ರದ ಕೈಗಳಿದ್ದವು ನಿಜ, ಅವಕ್ಕೂ ಈ ಕೆಲಸವನ್ನು ಯಾರೂ ಹೊಸದಾಗಿ ಕಲಿಸಲಿಲ್ಲ. ಯಾರಿಗೂ ಬೇಸರವೂ ಆಗಲಿಲ್ಲ. ಎಲುಬು ಕೊಯ್ಯುವ ಗರಗಸ ಮೂಲೆಗೆ ಬಿತ್ತೆಂದು ಅಳುವವರು ಯಾರು?

ಯಂಕಪ್ಪ ಸೂಜಿ ಹಾಕಿಸಿಕೊಂಡ ದಿನವೇ ಚಿಕಿತ್ಸಾಲಯಕ್ಕೆ ಹನ್ನೆರಡು ವರ್ಷ ತುಂಬಿತ್ತು. ಅಂಗಳದಲ್ಲಿ ಶಾಮಿಯಾನ ಹಾಕಿ ಮಂತ್ರಿಗಳನ್ನು ಕರೆಸಿದ್ದರು. ಆದರೆ ಜನ ಕಾದದ್ದು ಮಂತ್ರಿಗಳಿಗಲ್ಲ, ಬಾಳವ್ವನಿಗೆ.

ಬಾಳವ್ವ ಬೆಟಗೇರಿಯಲ್ಲಿ ರೊಟ್ಟಿ ಖಾನಾವಳಿ ನಡೆಸುವವಳು. ಮನುಷ್ಯರ ಪೈಕಿ ಈ ಸೂಜಿಯನ್ನು ಮೊಟ್ಟಮೊದಲು ಹಾಕಿಸಿಕೊಂಡವಳು ಆಕೆ. ಜೋಳದ ರೊಟ್ಟಿ ಬಡಿಯುವವರು ಕೂಡುವ ರೀತಿಯೇ ಬೇರೆ. ಒಂದು ಕಾಲು ಮಡಚಿ ಅದರ ಮೇಲೆ ಭಾರ ಬಿಟ್ಟು, ಇನ್ನೊಂದು ಮೊಣಕಾಲನ್ನು ಎದೆಯ ಮಟ್ಟಕ್ಕೆ ಎತ್ತಿ, ಮುಂದೆ ಬಾಗಿ ಬಡಿಯಬೇಕು. ನಿಂತು ಬಡಿದರೆ ಕೈಗೆ ಆ ಹದ ಸಿಗುವುದಿಲ್ಲ ಎಂದು ಬಾಳವ್ವನ ವಾದ. ಯಂತ್ರದ ರೊಟ್ಟಿಯ ಮಾತೆತ್ತಿದರೆ ಆಕೆ ಎದ್ದು ಒಳಗೆ ಹೋಗುತ್ತಿದ್ದಳು. ಐವತ್ತೆರಡು ವರ್ಷಕ್ಕೆ ಆಕೆಯ ಮಡಚುವ ಕಾಲು, ಎಂದರೆ ಎಡ ಮೊಣಕಾಲು, ಪೂರ್ತಿ ಸವೆದು ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿತ್ತು. ಇನ್ನು ನೆಲ ಮರೆತುಬಿಡು ಎಂದು ಡಾಕ್ಟರು ಹೇಳಿದ್ದಕ್ಕೆ ಆಕೆ ಮೂರು ದಿನ ಅತ್ತಿದ್ದಳು. ನಾಲ್ಕನೆಯ ದಿನ ಶ್ರಾವಣಿ ಖಾನಾವಳಿಗೆ ಹೋಗಿ, ಕಡಲೆಹಿಟ್ಟಿನ ಝುಣಕದ ಜೊತೆ ಎರಡು ರೊಟ್ಟಿ ತಿಂದು, ತನ್ನ ಸೂಜಿಯ ವಿಷಯ ತಿಳಿಸಿ ಬಂದಳು. ಬಾಳವ್ವ ಶಸ್ತ್ರಚಿಕಿತ್ಸೆ ಬೇಡವೆಂದು ಆಸ್ಪತ್ರೆಗೆ ಹೇಳಿ ಕಳಿಸಿದಳು.

ಅಂದಿನಿಂದ ಪ್ರತಿ ವರ್ಷ ಈ ದಿನ ಆಕೆ ಒಂದು ಬುಟ್ಟಿ ರೊಟ್ಟಿ ಹೊತ್ತು ಚಿಕಿತ್ಸಾಲಯಕ್ಕೆ ಬರುತ್ತಾಳೆ. ವೇದಿಕೆ ಹತ್ತಿ, ಚಾಪೆಯ ಮೇಲೆ ತನ್ನ ಪದ್ಧತಿಯಂತೆ ಕೂತು, ಎಲ್ಲರೆದುರು ಒಂದು ರೊಟ್ಟಿ ಬಡಿದು, ನೆಲಕ್ಕೆ ಕೈ ಊರದೆ ಎದ್ದು ನಿಲ್ಲುತ್ತಾಳೆ. ಅಷ್ಟಕ್ಕೆ ಜನ ಚಪ್ಪಾಳೆ ಹೊಡೆಯುತ್ತಾರೆ, ಹೊರಗೆ ಸಾಲು ಉದ್ದವಾಗುತ್ತದೆ. ಯಾವ ಭಾಷಣವೂ ಮಾಡದ ಕೆಲಸವನ್ನು ಆ ಒಂದು ರೊಟ್ಟಿ ಮಾಡುತ್ತಿತ್ತು.

ಆ ಸಲವೂ ಆಕೆ ಕೂತಳು, ಬಡಿದಳು, ತಿರುಗಿಸಿ ಹಂಚಿನ ಮೇಲೆ ಹಾಕಿದಳು. ಏಳುವಾಗ ಒಣ ಕಟ್ಟಿಗೆ ಮುರಿದಂಥ ಸಣ್ಣ ಸದ್ದು ಕೇಳಿತು. ಬಾಳವ್ವ ನಿಂತಿದ್ದಳು, ಕೈ ಮುಗಿದು ನಗುತ್ತಿದ್ದಳು. ಆದರೆ ಸೀರೆಯ ಕೆಳಗೆ ಎಡಗಾಲು ಮೊಣಕಾಲಿನಿಂದ ಹೊರಕ್ಕೆ ಬಾಗಿತ್ತು. ಕಾಲು ಹಾಗೆ ಬಾಗುವುದಕ್ಕಿಲ್ಲ. ಜನ ಚಪ್ಪಾಳೆ ಹೊಡೆಯುತ್ತಿದ್ದರು. ಮುಂದಿನ ಸಾಲಿನಲ್ಲಿದ್ದ ಶ್ರಾವಣಿ ಮಾತ್ರ ಅದನ್ನು ಕಂಡಳು. ಬಾಳವ್ವ ಆ ಕಾಲನ್ನೇ ಊರಿ ಒಂದು ಹೆಜ್ಜೆ ಮುಂದಿಟ್ಟಳು. ಶ್ರಾವಣಿ ಓಡಿಹೋಗಿ ಆಕೆಯನ್ನು ತಬ್ಬಿ ಹಿಡಿದುಕೊಂಡಳು.

"ಯಾಕ್ರಿ ಬಾಯಾರ, ಮೈಯಾಗ ಆರಾಮಿಲ್ಲೇನು? ಮಾರಿ ಬಾಳ ಸಣ್ಣ ಆಗೇತಲ್ಲ," ಎಂದಳು ಬಾಳವ್ವ. ಶ್ರಾವಣಿಗೇ ಏನೋ ಆಗಿದೆ ಎಂದು ಆಕೆ ತಿಳಿದಿದ್ದಳು.

ಆಕೆಯನ್ನು ಕುರ್ಚಿಯಲ್ಲಿ ಕೂರಿಸಿಕೊಂಡೇ ಒಳಗೆ ಒಯ್ದು ಕಾಲಿನ ಚಿತ್ರ ತೆಗೆದರು. ಹೊಸ ಮೃದ್ವಸ್ಥಿ ಹಾಸು ಹನ್ನೆರಡು ವರ್ಷದ ಮೇಲೂ ನುಣುಪಾಗಿ, ದಪ್ಪನಾಗಿ ಇತ್ತು. ಅದರ ಅಡಿಯ ಎಲುಬು ಇರಲಿಲ್ಲ. ಇರಲಿಲ್ಲ ಎಂದರೆ ಪುಡಿಯಾಗಿ, ಕುಸಿದು, ಗೆದ್ದಲು ತಿಂದ ತೊಲೆಯಂತೆ ಟೊಳ್ಳಾಗಿತ್ತು. ಭಾರ ಹೊರುವ ಯಾವ ಎಲುಬಿನಲ್ಲೂ ದಿನವೂ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ. ಅಂಥ ಕಡೆ ಸ್ವಲ್ಪ ನೋಯುತ್ತದೆ, ಮನುಷ್ಯ ಎರಡು ದಿನ ಆ ಕಾಲನ್ನು ಕಾಪಾಡಿಕೊಂಡು ಓಡಾಡುತ್ತಾನೆ, ಬಿರುಕು ಕೂಡಿಕೊಳ್ಳುತ್ತದೆ. ಬಾಳವ್ವನ ಕಾಲು ಎರಡು ದಿನದ ಬಿಡುವನ್ನು ಯಾವತ್ತೂ ಕೇಳಿರಲಿಲ್ಲ, ಕೇಳುವ ನರಗಳು ಮಲಗಿದ್ದವು. ದಿನಕ್ಕೆ ಆರು ತಾಸು ಆಕೆ ಅದರ ಮೇಲೆ ಭಾರ ಬಿಟ್ಟು ಕೂತಿದ್ದಳು. ಇದು ನಿನ್ನೆ ಮೊನ್ನೆ ಆದದ್ದಲ್ಲ, ನಾಲ್ಕೈದು ವರ್ಷದಿಂದ ನಡೆದಿರಬೇಕು.

ಹಾಗಾದರೆ ಪ್ರತಿ ವರ್ಷದ ತಪಾಸಣೆಯಲ್ಲಿ ಯಾಕೆ ಕಾಣಲಿಲ್ಲ? ಶ್ರಾವಣಿ ಬಾಳವ್ವನ ಕಾರ್ಡು ತರಿಸಿದಳು. ಹನ್ನೆರಡು ತಪಾಸಣೆಗಳೂ ನಿಗದಿತ ದಿನವೇ ಆಗಿದ್ದವು. ಮೊದಲ ಪ್ರಶ್ನೆ: ನೋವಿದೆಯೇ? ಹನ್ನೆರಡೂ ಕಡೆ ಉತ್ತರ: ಇಲ್ಲ. ಇಲ್ಲ ಎಂದವರಿಗೆ ಚಿತ್ರ ತೆಗೆಯುವ ಅಗತ್ಯವಿಲ್ಲ, ಮನೆಗೆ ಕಳಿಸಿ ಎಂಬುದು ನಿಯಮ. ಆ ನಿಯಮ ಬರೆದವಳು ಶ್ರಾವಣಿಯೇ. ನೋವನ್ನು ತಾನೇ ತೆಗೆದುಹಾಕಿ, ಆಮೇಲೆ ವರ್ಷಕ್ಕೊಮ್ಮೆ ಕರೆದು ನೋವಿದೆಯೇ ಎಂದು ಕೇಳುತ್ತಿದ್ದಳು. ಇಷ್ಟು ದಡ್ಡ ತಪ್ಪನ್ನು ಮಾಡಲು ಬಹಳ ಓದಿರಬೇಕಾಗುತ್ತದೆ. ಸೂಜಿ ಹಾಕಿಸಿಕೊಂಡ ನಾಲ್ಕು ಲಕ್ಷ ಜನರ ಕಾರ್ಡುಗಳಲ್ಲಿ ಅದೇ ಪ್ರಶ್ನೆ, ಅದೇ ಉತ್ತರ ಇತ್ತು. ಹೀಗೆ ಪುಡಿಯಾದ ಎಲುಬನ್ನು ಅವಳು ಮೊದಲೇ ಒಂದು ಸಲ ಕಂಡಿದ್ದಳು.

ಕಂಡದ್ದು ಧಾರವಾಡದ ಹೊರಗೆ, ಸಂಶೋಧನಾಲಯದ ಕುರಿದೊಡ್ಡಿಯಲ್ಲಿ. ಮನುಷ್ಯರಿಗೆ ಕೊಡುವ ಮೊದಲು ನಲವತ್ತು ಕುರಿಗಳಿಗೆ ಸೂಜಿ ಕೊಟ್ಟಿದ್ದರು. ಅವುಗಳನ್ನು ನೋಡಿಕೊಳ್ಳುತ್ತಿದ್ದವನು ಮಾಳಪ್ಪ, ಚಿಕ್ಕಂದಿನಿಂದ ಕುರಿಯ ಹಿಂದೆ ಊರೂರು ನಡೆದ ಕುರುಬ. ಒಂದು ಬೆಳಿಗ್ಗೆ ಅವನು ಶ್ರಾವಣಿಯನ್ನು ನಿಲ್ಲಿಸಿ, ಹದಿನಾಲ್ಕನೇ ಕುರಿ ಕಲ್ಲುಗೋಡೆ ಹಾರಿ ಬಿದ್ದಿದೆ, ಮೊಣಕಾಲು ಬಾತಿದೆ ಎಂದ. ಅವಳು ನೋಡಿದರೆ ಕುರಿ ಉಳಿದವುಗಳ ಜೊತೆ ಆರಾಮವಾಗಿ ಮೇಯುತ್ತಿತ್ತು. ಚೆನ್ನಾಗೇ ಇದೆಯಲ್ಲ ಎಂದಳು.

"ಅದಽ ನೋಡ್ರಿ ಅಕ್ಕಾರ," ಎಂದ ಮಾಳಪ್ಪ. "ಇಷ್ಟ ಬಾತ ಕುರಿ ಕುಂಟಬೇಕ್ರಿ. ಕುಂಟಿದ್ರ ನಾವು ಹಿಂದ ಬಿಟ್ಟು ಜ್ವಾಪಾನ ಮಾಡ್ತೀವಿ. ಇದು ಕುಂಟವಲ್ದು. ನನಗ್ಯಾಕೋ ಇದು ಬರೋಬರಿ ಅನ್ಸವಲ್ದು."

ಶ್ರಾವಣಿ ಅಂದು ಟಿಪ್ಪಣಿ ಪುಸ್ತಕದಲ್ಲಿ ಬರೆದ ಸಾಲು ಅವಳಿಗೆ ಈಗಲೂ ಬಾಯಿಪಾಠ: ಕುರಿ ಹದಿನಾಲ್ಕು, ನೋವಿನ ನಿಯಂತ್ರಣ ಅತ್ಯುತ್ತಮ. ಮೂರು ವಾರದ ಮೇಲೆ ಆ ಕುರಿ ಸಮನೆಲದಲ್ಲಿ ನಿಂತಿದ್ದಂತೆಯೇ ಕುಸಿಯಿತು. ಕೊಯ್ದು ನೋಡಿದಾಗ ಅಡಿಯ ಎಲುಬು ಪುಡಿಯಾಗಿತ್ತು. ಗೋಡೆಯಿಂದ ಬಿದ್ದ ಪೆಟ್ಟು ಎಂದು ಕಾರಣ ಬರೆದು ಅದನ್ನು ಪ್ರಯೋಗದಿಂದ ಕೈಬಿಟ್ಟರು. ಉಳಿದ ಮೂವತ್ತೊಂಬತ್ತು ಕುರಿಗಳ ಫಲಿತಾಂಶ ಬಹಳ ಚೆನ್ನಾಗಿತ್ತು. ಕುರಿಗಳನ್ನು ಒಂದು ವರ್ಷಕ್ಕಿಂತ ಹೆಚ್ಚು ಇಟ್ಟು ನೋಡಲಿಲ್ಲ, ಆಮೇಲೆ ಅವುಗಳ ಎಲುಬು ಏನಾಗುತ್ತದೆ ಎಂದು ಆಗ ಯಾರೂ ಕೇಳಲಿಲ್ಲ.

ಮಾರನೆಯ ದಿನ ಚಿಕಿತ್ಸಾಲಯದ ಆಡಳಿತಾಧಿಕಾರಿ ಅವಳನ್ನು ಕರೆಸಿ, ವಯಸ್ಸಾದ ಹೆಂಗಸು ವೇದಿಕೆಯಲ್ಲಿ ಕಾಲು ಜಾರಿ ಬಿದ್ದಳೆಂದು ತಿಳಿಸಿದರೆ ಸಾಕು, ಸುಮ್ಮನೆ ಜನರಲ್ಲಿ ಗಾಬರಿ ಎಬ್ಬಿಸುವುದು ಬೇಡ ಎಂದು ನಯವಾಗಿ ಹೇಳಿದರು. ಆಗುವುದಿಲ್ಲ ಎನ್ನುವ ಧೈರ್ಯ ಶ್ರಾವಣಿಗೆ ಬರಲಿಲ್ಲ. ನೆಟ್ಟಗೆ ಧಾರವಾಡದ ರೈಲು ಹತ್ತಿದಳು.

ಧಾರವಾಡದಲ್ಲಿ ಡಾಕ್ಟರ್ ಪ್ರಹ್ಲಾದ ಗಲಗಲಿಯವರಿದ್ದರು. ಮೊಣಕಾಲು ಬದಲಾಯಿಸುವುದರಲ್ಲಿ ಒಂದು ಕಾಲಕ್ಕೆ ಅವರದು ದೊಡ್ಡ ಹೆಸರು. ಕಾಲೇಜಿನಲ್ಲಿ ಶ್ರಾವಣಿಗೆ ಪಾಠ ಹೇಳಿದವರು, ಬಾಳವ್ವನ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದ್ದವರೂ ಅವರೇ. ಹನ್ನೆರಡು ವರ್ಷದ ಹಿಂದೆ ಒಂದು ಸಭೆಯಲ್ಲಿ ಅವರು ಸೂಜಿಯ ಬಗ್ಗೆ ಅನುಮಾನ ಎತ್ತಿದಾಗ ಶ್ರಾವಣಿ ಎದ್ದು, ಗರಗಸ ಸುತ್ತಿಗೆಯ ಬಡಿಗತನದ ಕಾಲ ಮುಗಿಯಿತು ಎಂದುಬಿಟ್ಟಿದ್ದಳು. ಸಭೆ ನಕ್ಕಿತ್ತು. ಆಮೇಲೆ ಇಬ್ಬರೂ ಮಾತಾಡಿರಲಿಲ್ಲ.

ಈಗ ಎಪ್ಪತ್ತೊಂಬತ್ತರ ಗಲಗಲಿಯವರು ಕೋಲೂರಿಕೊಂಡು ಬಂದು ಬಾಗಿಲು ತೆರೆದರು. ಅವರ ಎರಡೂ ಮೊಣಕಾಲು ಸವೆದಿದ್ದವು. ಸೂಜಿ ಹಾಕಿಸಿಕೊಂಡಿರಲಿಲ್ಲ, ಅವರಿಗೆ ಶಸ್ತ್ರಚಿಕಿತ್ಸೆ ಮಾಡುವವರು ಯಾರೂ ಉಳಿದಿರಲಿಲ್ಲ.

"ಬಡಿಗ್ಯಾನ ಕಡೆ ಬಂದೀ ಅಂದ್ರ ಏನೋ ಮುರದಿರಬೇಕು," ಎಂದರು. ಮಾತಿನಲ್ಲಿ ಕುಹಕವಿತ್ತು, ಆದರೆ ಕುರ್ಚಿ ತೋರಿಸಿ ಚಹಾಕ್ಕೂ ಹೇಳಿದರು.

ಶ್ರಾವಣಿ ಚಿತ್ರಗಳನ್ನು ಅವರ ಮುಂದಿಟ್ಟಳು. ಅವರು ಬಹಳ ಹೊತ್ತು ನೋಡಿದರು. ಕುಹಕವೆಲ್ಲ ಇಳಿದುಹೋಯಿತು. ಹೀಗೇ ಬಿಟ್ಟರೆ ಎಲುಬಿನ ಚೂರು ಹಿಂದಿನ ರಕ್ತನಾಳಕ್ಕೆ ಚುಚ್ಚಿ ಕಾಲನ್ನೇ ತೆಗೆಯಬೇಕಾಗುತ್ತದೆ ಎಂದರು. ಕೀಲು ಬದಲಾಯಿಸಬಹುದು. ನನ್ನ ಕೈ ನಡುಗುತ್ತದೆ, ಆದರೆ ಮುರಿದ ಎಲುಬು ಕೂಡಿಸುವ ಒಳ್ಳೆಯ ಡಾಕ್ಟರು ಒಬ್ಬರಿದ್ದರೆ ಪಕ್ಕದಲ್ಲಿ ಕೂತು ಹೇಳಿಕೊಡಬಲ್ಲೆ ಎಂದರು. ಲೋಹದ ಕೀಲನ್ನು ಅಳತೆ ಕೊಟ್ಟು ಮಾಡಿಸಿಕೊಳ್ಳೋಣ. ತೊಂದರೆ ಅದಲ್ಲ. ಹೊಸ ಕೀಲು ನಿಲ್ಲಲು ಅಡಿಯಲ್ಲಿ ಗಟ್ಟಿ ಎಲುಬು ಬೇಕು. ಸೊಂಟದ ಎಲುಬು ತಂದು ತುಂಬಿದರೆ ಅದು ಬೆರೆತು ಗಟ್ಟಿಯಾಗಲು ಮೂರು ತಿಂಗಳು. ಅಲ್ಲಿಯವರೆಗೆ ಆ ಕಾಲಿನ ಮೇಲೆ ಎಷ್ಟು ಭಾರ ಬಿಡಬಹುದೋ ಅಷ್ಟೇ ಬಿಡಬೇಕು, ಒಂದು ಕೂದಲೆಳೆಯಷ್ಟೂ ಹೆಚ್ಚು ಬಿಡಕೂಡದು.

"ಎಷ್ಟು ಬಿಡಬೇಕು ಅಂತ ಆಕಿಗೆ ಯಾರು ಹೇಳ್ತಾರ?" ಎಂದು ಅವರು ಕೇಳಿದರು. "ನಾ ಹೇಳ್ಲಾ, ನೀ ಹೇಳ್ತೀಯಾ? ನೋವಿಲ್ಲದಾಕಿ ಮರತು ಎದ್ದು ಹೊಂಟುಬಿಡ್ತಾಳ. ಮೊದ್ಲ ಆಕಿ ನೋವು ಆಕಿಗೆ ತಿರುಗಿ ಕೊಡು. ಆಮ್ಯಾಲ ನನ್ನ ಕರಿ."

ಹಾಗೆ ತಿರುಗಿ ಕೊಡುವ ದಾರಿ ಇತ್ತು. ಬೀಜಕಣಗಳು ಅಂಕೆಮೀರಿ ಬೆಳೆದರೆ ಇರಲಿ ಎಂದು ಅವುಗಳನ್ನು ಸಾಯಿಸುವ ಇನ್ನೊಂದು ಮದ್ದನ್ನು ಶ್ರಾವಣಿ ಆಗಲೇ ಮಾಡಿಟ್ಟಿದ್ದಳು. ಅದನ್ನು ಯಾವ ಮನುಷ್ಯನಿಗೂ ಕೊಟ್ಟಿರಲಿಲ್ಲ. ಕೊಟ್ಟರೆ ಹಾಸು ಕರಗುತ್ತದೆ, ಎರಡು ದಿನದಲ್ಲಿ ನರಗಳು ಏಳುತ್ತವೆ. ಹನ್ನೆರಡು ವರ್ಷದ ಹಿಂದೆ ಆ ಹೆಂಗಸಿನ ನೋವು ತೆಗೆದ ಕೈಯಿಂದಲೇ ಈಗ ಅದನ್ನು ಹಿಂದಕ್ಕೆ ಹಾಕಬೇಕಿತ್ತು.

ಹೊರಡುವಾಗ ಗಲಗಲಿಯವರು ಕಪಾಟಿನಿಂದ ಹಳೆಯ ದಪ್ಪ ನೋಟುಪುಸ್ತಕವೊಂದನ್ನು ತೆಗೆದುಕೊಟ್ಟು, ಪುರಸೊತ್ತಿದ್ದಾಗ ಓದು ಎಂದರು. ಶ್ರಾವಣಿ ರೈಲಿನಲ್ಲಿ ಅದನ್ನು ತೆರೆದಳು. ಅದು ಅವರು ೨೦೨೫ರಲ್ಲಿ ನೋಡಿದ ರೋಗಿಗಳ ಪಟ್ಟಿ. ಪ್ರತಿ ಹೆಸರಿನ ಪಕ್ಕ ರೋಗಿ ಹೇಳಿದ ಮಾತನ್ನು ಹೇಳಿದ ಹಾಗೇ ಬರೆದಿದ್ದರು. ಒಬ್ಬ ಶಿಕ್ಷಕಿ: ಮಗಳ ಲಗ್ನ ಮುಗಿಯೋ ತನಕ ಒಂದು ಇಂಜೆಕ್ಷನ್ ಕೊಡ್ರಿ, ನೋವು ಹೋದ್ರ ಸಾಕು. ಒಬ್ಬ ಲಾರಿ ಡ್ರೈವರ್: ಆಪರೇಷನ್ ಗೀಪರೇಷನ್ ಬ್ಯಾಡ್ರಿ, ಸೂಜಿ ಹಾಕಿ ಕಳಸ್ರಿ. ಇನ್ನೊಬ್ಬಾಕೆ ಎರಡು ವರ್ಷದಲ್ಲಿ ಬೇರೆ ಬೇರೆ ಕಡೆ ಏಳು ಸಲ ಸ್ಟೆರಾಯ್ಡ್ ಸೂಜಿ ಹಾಕಿಸಿಕೊಂಡಿದ್ದಳು. ಆ ಕಾಲದ ಸೂಜಿ ಊತ ಇಳಿಸಿ ಕೆಲವು ವಾರ ಆರಾಮ ಕೊಡುತ್ತಿತ್ತು. ಅಳತೆಯಲ್ಲಿ ಕೊಟ್ಟರೆ ಉಪಕಾರವೇ, ಮೇಲಿಂದ ಮೇಲೆ ಕೊಟ್ಟರೆ ಉಳಿದ ಮೃದ್ವಸ್ಥಿಯೂ ಹಾಳು. ಗಲಗಲಿಯವರು ತಮ್ಮನ್ನೂ ಬಿಟ್ಟಿರಲಿಲ್ಲ. ಒಂದು ಪುಟದ ಕೆಳಗೆ ಹೀಗೆ ಬರೆದಿದ್ದರು: ಹೋದ ತಿಂಗಳು ಬಂದಿದ್ದ ಹೆಂಗಸು, ಕೀಲು ಬದಲಾಯಿಸಿದ ಮ್ಯಾಲೆ ನೆಲಕ್ಕ ಕೂಡಬಹುದಾ ಅಂತ ಕೇಳಿದಳು. ಅದೇನು ದೊಡ್ಡ ವಿಷಯ ಅಂತ ನಕ್ಕೆ. ಆಕೆ ತಿರುಗಿ ಬರಲಿಲ್ಲ.

ಆ ಪುಸ್ತಕದಲ್ಲಿ ನೋವು ಹೋದ್ರ ಸಾಕು ಎನ್ನುವ ಮಾತು ಎಷ್ಟು ಸಲ ಬಂದಿತ್ತೆಂದರೆ ಶ್ರಾವಣಿಗೆ ನಾಚಿಕೆಯಾಯಿತು. ಹೊಂಬಳ ಸೂಜಿ ಅವಳು ತನ್ನ ತಲೆಯಿಂದ ಹುಟ್ಟಿಸಿದ್ದೇನಲ್ಲ. ಜನ ಆಗಿನಿಂದಲೂ ಕೇಳಿದ್ದನ್ನು ಅವಳು ಅಕ್ಷರಶಃ ಮಾಡಿಕೊಟ್ಟಿದ್ದಳು.

ಮರುದಿನ ಅವಳು ಬಾಳವ್ವನ ಮಂಚದ ಪಕ್ಕ ಕೂತು ಎಲ್ಲವನ್ನೂ ಹೇಳಿದಳು. ಎಲುಬು ಟೊಳ್ಳಾದದ್ದು, ಅದಕ್ಕೆ ಕಾರಣ, ಮುಂದಿನ ಶಸ್ತ್ರಚಿಕಿತ್ಸೆ, ನಡುವೆ ನೋವು ತಿರುಗಿ ಬರಬೇಕಾದದ್ದು, ಕಾಲು ಉಳಿದರೂ ಇನ್ನೆಂದೂ ನೆಲಕ್ಕೆ ಕೂತು ರೊಟ್ಟಿ ಬಡಿಯಲಾಗದು ಎಂಬುದು. ಕೊನೆಗೆ ಬಾಳವ್ವ ಒಂದೇ ಮಾತು ಕೇಳಿದಳು.

"ಹಿಂಗ ಆಕ್ಕೈತಿ ಅಂತ ನಿಮಗ ಮೊದಲಽ ಗೊತ್ತಿತ್ತೇನ್ರಿ?"

ಗೊತ್ತಿರಲಿಲ್ಲ ಎಂದರೆ ಅದು ಪೂರ್ತಿ ಸುಳ್ಳೂ ಅಲ್ಲ. ಶ್ರಾವಣಿ ಆ ಮಾತನ್ನು ನಾಲಿಗೆಯ ತುದಿಯವರೆಗೆ ತಂದು ನುಂಗಿಕೊಂಡಳು. ಹದಿನಾಲ್ಕನೇ ಕುರಿಯ ಕತೆಯನ್ನು, ಮಾಳಪ್ಪ ಹೇಳಿದ್ದನ್ನು, ತಾನು ಬರೆದ ಸಾಲನ್ನು ಒಂದೂ ಬಿಡದೆ ಹೇಳಿದಳು.

"ಆ ಕುರಿ ಏನಾತ್ರಿ?" ಎಂದಳು ಬಾಳವ್ವ.

"ಕೊಯ್ದು ನೋಡಿದ್ವಿ, ಬಾಳಕ್ಕ. ಅದರ ಕಾಲು ಈಗೂ ಒಂದು ಬಾಟ್ಲಿಯೊಳಗ ಐತಿ."

ಬಾಳವ್ವ ಮುಖ ಗೋಡೆಯ ಕಡೆ ಹೊರಳಿಸಿದಳು. ಆ ಕಡೆಯೇ ನೋಡುತ್ತ ಮಾತಾಡಿದಳು. "ವರ್ಷಾ ವರ್ಷಾ ರೊಟ್ಟಿ ಹೊತಗೊಂಡು ಬಂದು, ನೋವಿಲ್ಲರಿ ಅಂತ ನಿಮ್ಮ ಮುಂದ ಹೇಳಿ ಹೋಗ್ತಿದ್ದೆ. ನನ್ನ ನೋಡಿ ಎಷ್ಟ ಮಂದಿ ಹಾಕಿಸ್ಕೊಂಡಾರೋ ಏನೋ. ಅವರಿಗೆಲ್ಲಾ ನಾ ಏನ್ ಹೇಳಲಿ ಈಗ?" ಆಕೆಗೆ ಸಿಟ್ಟು ಬಂದಿತ್ತು. ಆ ಸಿಟ್ಟು ನ್ಯಾಯವಾದದ್ದೆಂದು ಶ್ರಾವಣಿಗೆ ತಿಳಿದಿತ್ತು, ಕ್ಷಮೆ ಕೇಳುವ ಮಾತು ಅವಳಿಗೆ ತೀರ ಅಗ್ಗವೆನಿಸಿತು. ಸಂಜೆ ಬಾಳವ್ವ ನರ್ಸಿನ ಕೈಲಿ ಹೇಳಿ ಕಳಿಸಿದಳು: ಸೂಜಿ ಹಾಕುವುದಾದರೆ ಬೇರೆ ಯಾರೂ ಬೇಡ, ಬಾಯಾರೇ ಬಂದು ಹಾಕಲಿ.

ಶ್ರಾವಣಿಯೇ ಹೋಗಿ ಆ ಮದ್ದಿನ ಸೂಜಿ ಹಾಕಿದಳು. ಎರಡನೆಯ ದಿನ ಮಧ್ಯಾಹ್ನ ನೋವು ಬಂತು. ಮೊದಲು ಬಾಳವ್ವನ ಹಣೆ ಗಂಟಿಕ್ಕಿತು, ಏನೋ ಮರೆತದ್ದು ನೆನಪು ಮಾಡಿಕೊಳ್ಳುವವಳಂತೆ ಕಂಡಳು. ಆಮೇಲೆ "ಯವ್ವಾ" ಎಂದು ಶ್ರಾವಣಿಯ ಮಣಿಕಟ್ಟು ಹಿಡಿದಳು. ರೊಟ್ಟಿ ಬಡಿದ ಕೈ, ಹಿಡಿತ ಬಿಗಿಯಾಗಿತ್ತು. ಐದು ವರ್ಷದಲ್ಲಿ ಒಂದಿಷ್ಟೊಂದಿಷ್ಟೇ ಬರಬೇಕಿದ್ದುದು ಒಟ್ಟಿಗೇ ಬಂದಿತ್ತು. ನೋವು ತಗ್ಗಿಸುವ ಔಷಧ ಕೊಟ್ಟರು, ಗಲಗಲಿಯವರು ಹೇಳಿದಂತೆ ಪೂರ್ತಿ ಹೋಗದಷ್ಟೇ ಕೊಟ್ಟರು. ಶ್ರಾವಣಿ ಕೈ ಬಿಡಿಸಿಕೊಳ್ಳಲಿಲ್ಲ. ಮಣಿಕಟ್ಟಿನ ಮೇಲೆ ಬಾಳವ್ವನ ಬೆರಳಿನ ಗುರುತು ನಾಲ್ಕು ದಿನ ಇತ್ತು.

ಶಸ್ತ್ರಚಿಕಿತ್ಸೆ ನಾಲ್ಕು ತಾಸು ಹಿಡಿಯಿತು. ಗಲಗಲಿಯವರು ಎತ್ತರದ ಸ್ಟೂಲಿನ ಮೇಲೆ ಕೂತು, ನಡುಗುವ ಬೆರಳಿನಿಂದ ತೋರಿಸುತ್ತ, ಆಗಾಗ ಬಯ್ಯುತ್ತ ಎಲುಬು ಕೂಡಿಸುವ ಡಾಕ್ಟರ ಕೈಯಿಂದ ಕೆಲಸ ಮಾಡಿಸಿದರು.

ಅದೇ ಹೊತ್ತಿಗೆ ಶ್ರಾವಣಿ ಆಡಳಿತಾಧಿಕಾರಿಯ ಮಾತು ಮೀರಿ ನಾಲ್ಕು ಲಕ್ಷ ಜನರಿಗೂ ಪತ್ರ ಕಳಿಸಿದಳು. 'ನಿಮಗೆ ನೋವಿಲ್ಲದಿದ್ದರೂ ಬಂದು ಕಾಲಿನ ಚಿತ್ರ ತೆಗೆಸಿಕೊಳ್ಳಿ. ಎಲುಬಿನಲ್ಲಿ ಬಿರುಕಿದ್ದರೆ ಕೆಲವು ವಾರ ಆ ಕಾಲಿಗೆ ಬಿಡುವು ಕೊಡಬೇಕಾಗುತ್ತದೆ. ಈ ತಪ್ಪು ನನ್ನದು' ಎಂದು ಸರಳವಾಗಿ ಬರೆದಿದ್ದಳು. ಅವಳನ್ನು ಕೆಲಸದಿಂದ ದೂರವಿಟ್ಟು ವಿಚಾರಣೆ ಶುರುಮಾಡಿದರು, ಅದು ಅವಳು ಎಣಿಸಿದ್ದೇ. ಎಣಿಸದೇ ಇದ್ದದ್ದು ಇನ್ನೊಂದು. ಗದಗಿನಲ್ಲಿ ಮೊದಲ ದಿನಕ್ಕೆ ಮುನ್ನೂರು ಜನರನ್ನು ಕರೆದಿದ್ದರು, ಬಂದವರು ಹನ್ನೊಂದು. ಉಳಿದವರಿಗೆ ಫೋನು ಮಾಡಿದರೆ ಎತ್ತಿದವರದೆಲ್ಲ ಒಂದೇ ಉತ್ತರ: ನೋವಿಲ್ಲವಲ್ರಿ, ಯಾಕ ಬರಬೇಕು? ಕೆಲವರು ತಮ್ಮ ನೋವನ್ನು ತಿರುಗಿ ಹಾಕುತ್ತಾರಂತೆ ಎಂದು ಹೆದರಿ ಫೋನನ್ನೇ ಎತ್ತಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಬಾಳವ್ವ ಕೋಲು ಹಿಡಿದು ನಡೆಯತೊಡಗಿದಳು. ಖಾನಾವಳಿಯ ಒಲೆಯ ಮುಂದೆ ಈಗ ಆಕೆಯ ಸೊಸೆ ಕೂಡುತ್ತಿದ್ದಳು. ಬಾಳವ್ವ ಕುರ್ಚಿಯಲ್ಲಿ ಕೂತು ರೊಟ್ಟಿ ದಪ್ಪಾಯಿತೆಂದು ಗೊಣಗುತ್ತಿದ್ದಳು, ಕೆಲವು ದಿನ ಸುಮ್ಮನೆ ಕಣ್ಣೀರು ಹಾಕುತ್ತಿದ್ದಳು. ಶ್ರಾವಣಿಯನ್ನು ಆಕೆ ಕ್ಷಮಿಸಿದಳೆಂದು ಹೇಳುವಂತಿಲ್ಲ. ಆದರೆ ಬಾರದವರ ಸುದ್ದಿ ಕೇಳಿ ಒಂದು ದಿನ ತಾನೇ ಅವಳಿಗೆ ಹೇಳಿ ಕಳಿಸಿದಳು, ಗದಗಿನವರ ಪಟ್ಟಿ ಹಿಡಿದುಕೊಂಡು ಬರ್ರಿ, ನಾನೂ ಬರ್ತೀನಿ ಎಂದು.

ಇಬ್ಬರೂ ಮನೆ ಮನೆಗೆ ಹೋದರು. ಪಟ್ಟಿಯ ಕೊನೆಯಲ್ಲಿ ಟೈಲ್ಸ್ ಕೆಲಸದ ಯಂಕಪ್ಪನ ಹೆಸರಿತ್ತು. ಹೊಸ ಮನೆಯೊಂದರ ನಡುಮನೆಯಲ್ಲಿ ಅವನು ಮಂಡಿಯೂರಿ ಕೆಲಸ ಮಾಡುತ್ತಿದ್ದ. ಶ್ರಾವಣಿ ಹೇಳಿದ್ದನ್ನೆಲ್ಲ ತಲೆ ಎತ್ತದೆಯೇ ಕೇಳಿ, ತನಗೆ ಯಾವ ತ್ರಾಸೂ ಇಲ್ಲ, ಮೊದಲಿಗಿಂತ ಎರಡು ಪಟ್ಟು ಕೆಲಸ ಮುಗಿಯುತ್ತಿದೆ, ಹಬ್ಬ ಕಳೆದ ಮೇಲೆ ನೋಡೋಣ ಎಂದ.

ಆಗ ಹೊಸ್ತಿಲಲ್ಲಿ ನಿಂತಿದ್ದ ಬಾಳವ್ವ ಒಳಗೆ ಬಂದಳು. ಆಕೆ ಕುಂಟುತ್ತಿದ್ದಳು. ಕೋಲು ಮುಂದಿಟ್ಟು, ಎಡಗಾಲನ್ನು ಅಳೆದಂತೆ ಊರಿ, ತುಟಿ ಕಚ್ಚಿ, ಮತ್ತೆ ಎತ್ತಿ, ಆ ಖಾಲಿ ಕೋಣೆ ದಾಟಲು ಬಹಳ ಹೊತ್ತು ತೆಗೆದುಕೊಂಡಳು. ಶ್ರಾವಣಿ ಆ ಕುಂಟುವ ಕಾಲನ್ನೇ ನೋಡುತ್ತ ನಿಂತಳು. ಎಲುಬು ಕೂಡುತ್ತಿದೆ, ಕಾಲು ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ ಎಂದು ಅವಳಿಗೆ ಗೊತ್ತಾಯಿತು. ಮಾಳಪ್ಪ ಇದ್ದಿದ್ದರೆ ಬರೋಬರಿ ಎನ್ನುತ್ತಿದ್ದ. ಯಂಕಪ್ಪ ಆಕೆಯ ಗುರುತು ಹಿಡಿದು ಕೈಯಲ್ಲಿದ್ದ ಟೈಲ್ಸ್ ಕೆಳಗಿಟ್ಟ. ಅವತ್ತು ಶಾಮಿಯಾನದಲ್ಲಿ ಕೂತು ಅವನೂ ಚಪ್ಪಾಳೆ ಹೊಡೆದಿದ್ದ.

"ನೋವು ಬಾಳ ಐತೇನಬೇ?" ಎಂದು ಕೇಳಿದ.

"ಐತಪ್ಪಾ," ಎಂದಳು ಬಾಳವ್ವ. "ನಿನಗ?"

ಯಂಕಪ್ಪ ಇಲ್ಲ ಎನ್ನಲು ಬಾಯಿ ತೆರೆದ. ಅಂಗೈಯನ್ನು ಮಂಡಿಯ ಮೇಲಿಟ್ಟು ಒತ್ತಿ ನೋಡಿದ, ಇನ್ನೊಮ್ಮೆ ಜೋರಾಗಿ ಒತ್ತಿ ನೋಡಿದ. ಆಮೇಲೆ ನೋವಿಲ್ಲದ ಆ ಕಾಲಿನ ಮೇಲೆ ಭಾರ ಬಿಡದೆ, ಗೋಡೆ ಹಿಡಿದುಕೊಂಡು ನಿಧಾನವಾಗಿ ಎದ್ದ.